ಅಂಗಳದಲ್ಲಿ ಕಟ್ಟಿದ ಹಾಯಿದೋಣಿಗೆ ತಂತಿ ಎಳೆಯುವ ಮೊದಲು

ಪ್ರಶ್ನೆ: ಕುಂಬಳೆಯ ಬಳಿ ನಮ್ಮ ಮನೆಯ ಅಡಿಕೆ ಅಂಗಳದಲ್ಲಿ ನಾನು ಮತ್ತು ತಮ್ಮ ಸೇರಿ ಮೂರು ವರ್ಷಗಳಿಂದ 22 ಅಡಿಯ ಹಾಯಿದೋಣಿಯೊಂದನ್ನು ಕಟ್ಟುತ್ತಿದ್ದೇವೆ. ಐಎಸ್ 710 ಗುಣಮಟ್ಟದ, ದೋಣಿಗೆ ಹೊಂದುವ ಪ್ಲೈವುಡ್, ಎಪಾಕ್ಸಿ ಅಂಟು, ಒಳಚೌಕಟ್ಟಿಗೆ ಹೆಬ್ಬಲಸು, ಅಲ್ಯೂಮಿನಿಯಂ ಹಾಯಿಕಂಬ, ಮೇಲೆತ್ತಬಹುದಾದ ಉಕ್ಕಿನ ಕೀಲು ಹಲಗೆ (ದೋಣಿ ಪಕ್ಕಕ್ಕೆ ಸರಿಯದಂತೆ ತಳದಿಂದ ನೀರಿಗೆ ಇಳಿಯುವ ಹಲಗೆ), ಹಿಂದೆ 6 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ದೀಪಾವಳಿ ಕಳೆದ ಮೇಲೆ ಶಿರಿಯ ಹೊಳೆಯ ಅಳಿವೆಯಲ್ಲಿ ನೀರಿಗಿಳಿಸಿ, ಅಭ್ಯಾಸವಾದ ಮೇಲೆ ಬೇಕಲದವರೆಗೆ ಹೋಗಿ ಒಂದು ರಾತ್ರಿ ತಂಗಿ ಬರುವ ಆಸೆಯಿದೆ. ನಮ್ಮ ಮನೆಗೆ ವೈರಿಂಗ್ ಮಾಡಿದವರು ಉಳಿದ ತಂತಿ, ಹಳೆಯ ಕಾರಿನ ಬ್ಯಾಟರಿ, ಒಂದು ಇನ್ವರ್ಟರ್ ಸೇರಿಸಿ ಎರಡೇ ದಿನದಲ್ಲಿ ಕೆಲಸ ಮುಗಿಸುತ್ತೇನೆ ಎನ್ನುತ್ತಾರೆ. ಒಪ್ಪಬಹುದೇ? ಎಷ್ಟು ಬ್ಯಾಟರಿ ಬೇಕು, ಯಾವ ತಂತಿ, ಸಿಡಿಲಿಗೆ ಏನು ಮಾಡಬೇಕು?

ಉತ್ತರ: ಒಪ್ಪಬೇಡಿ. ಆ ಕೆಲಸಗಾರರು ಮನೆಯ ಕೆಲಸವನ್ನು ಚೆನ್ನಾಗಿಯೇ ಮಾಡಿರಬಹುದು. ಆದರೆ ಮನೆಯ ವಿದ್ಯುತ್ತು ಕಲಿಸಿದ ಅಂದಾಜುಗಳು ದೋಣಿಯಲ್ಲಿ ದಾರಿ ತಪ್ಪಿಸುತ್ತವೆ. ಹೇಗೆಂದು ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಒಂದು ಜಾಯಿಂಟಿನಲ್ಲಿ ಸ್ವಲ್ಪ ಕಿಲುಬು ಹಿಡಿದು 0.2 ಓಮ್ ತಡೆ ಹುಟ್ಟಿತು ಎಂದುಕೊಳ್ಳಿ. ಅದರ ಮೂಲಕ 3 ಆಂಪಿಯರ್ ಹರಿದರೆ 0.6 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 230 ವೋಲ್ಟಿನ ಮನೆಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ. 12 ವೋಲ್ಟಿನ ದೋಣಿಯಲ್ಲಿ ಅದು ಇಪ್ಪತ್ತರಲ್ಲಿ ಒಂದು ಪಾಲು. ಇಂಥ ಮೂರು ಜಾಯಿಂಟುಗಳು ಸಾಲಾಗಿ ಬಂದರೆ ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪು ಮುಲುಗುತ್ತದೆ, ನೀರು ಮೇಲೇರುವುದಿಲ್ಲ. ಕಿಲುಬು ಹಿಡಿಸಲೆಂದೇ ಸುತ್ತಲೂ ಉಪ್ಪುಗಾಳಿ ಹಗಲಿರುಳು ಕಾದಿರುತ್ತದೆ.

ಇದನ್ನು ನಾನು ಕಲಿತ ದಿನ ಇನ್ನೂ ಕಣ್ಣ ಮುಂದಿದೆ. ಹಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ದೋಣಿಯ ತಳನೀರಿನ ಪಂಪಿಗೆ ನಾನೇ ತಂತಿ ಜೋಡಿಸಿದ್ದೆ. ಪಂಪಿನ ಜೊತೆ ಬಂದ ತಂತಿ ಗಿಡ್ಡವಾಗಿತ್ತು. ನೆಲಹಲಗೆಯ ಕೆಳಗೆ, ಪಂಪಿನ ಪಕ್ಕದಲ್ಲೇ ಎರಡು ತುದಿಗಳನ್ನು ಹೊಸೆದು ಟೇಪು ಸುತ್ತಿದೆ. ಆ ಹೊತ್ತಿಗೆ ಅದು ಗಟ್ಟಿಯಾಗಿಯೇ ಕಂಡಿತ್ತು. ನಾಲ್ಕು ತಿಂಗಳ ನಂತರ ಒಂದು ಮಳೆಯ ರಾತ್ರಿ ಪಂಪು ಓಡಲಿಲ್ಲ. ಬೆಳಿಗ್ಗೆ ಹೋಗಿ ನೋಡಿದಾಗ ನೆಲಹಲಗೆಗಳು ತೇಲುತ್ತಿದ್ದವು, ಬ್ಯಾಟರಿಯ ಅರ್ಧದವರೆಗೆ ನೀರಿತ್ತು. ಟೇಪು ಬಿಚ್ಚಿದರೆ ಒಳಗೆ ತಾಮ್ರವೇ ಇರಲಿಲ್ಲ, ಹಸಿರು ಪುಡಿ ಇತ್ತು. ದೋಣಿ ಹಗ್ಗಕ್ಕೆ ಕಟ್ಟಿಕೊಂಡು ದಡದಲ್ಲೇ ಇದ್ದದ್ದರಿಂದ ಅಷ್ಟಕ್ಕೇ ಮುಗಿಯಿತು. ಅಂದಿನಿಂದ ನಾನು ಹಾಕಿಕೊಂಡಿರುವ ಕಟ್ಟುಪಾಡು ಒಂದೇ: ಕತ್ತಲಲ್ಲಿ, ಓಲಾಡುವ ದೋಣಿಯಲ್ಲಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡು ಇನ್ನೊಂದು ಕೈಗೆ ಎಟುಕದ ಜಾಯಿಂಟ್ ದೋಣಿಯಲ್ಲಿ ಎಲ್ಲಿಯೂ ಇರಕೂಡದು. ಈ ಉತ್ತರದ ಉಳಿದೆಲ್ಲ ಮಾತೂ ಈ ಒಂದರಿಂದಲೇ ಹೊರಡುತ್ತದೆ.

ಮೊದಲು ಇನ್ವರ್ಟರನ್ನು ಪಟ್ಟಿಯಿಂದ ತೆಗೆಯಿರಿ. 500 ವಾಟಿನ ಇನ್ವರ್ಟರ್ ಪೂರ್ತಿ ದುಡಿಯುವಾಗ ಬ್ಯಾಟರಿಯಿಂದ ಸುಮಾರು 50 ಆಂಪಿಯರ್ ಎಳೆಯುತ್ತದೆ. ಅದಕ್ಕೆ ದಪ್ಪ ಕೇಬಲ್ ಬೇಕು, ದೊಡ್ಡ ಬ್ಯಾಟರಿ ಬೇಕು. ಅದಕ್ಕಿಂತ ಮುಖ್ಯವಾಗಿ, ಬರಿಗಾಲು, ಬೆವರಿದ ಮೈ, ಉಪ್ಪುನೀರಿನ ನೆಲ ಇರುವ ಜಾಗಕ್ಕೆ 230 ವೋಲ್ಟನ್ನು ನೀವಾಗಿಯೇ ಕರೆತಂದಂತಾಗುತ್ತದೆ. ನಿಮ್ಮ ದೋಣಿಯಲ್ಲಿ 12 ವೋಲ್ಟಿನಿಂದ ನಡೆಯದ ಕೆಲಸ ಯಾವುದೂ ಇಲ್ಲ. ಅಂಗಳದಲ್ಲಿ ಕೆಲಸ ಮಾಡುವಾಗಲೂ ಡ್ರಿಲ್ಲು, ಮರಳು ಕಾಗದದ ಯಂತ್ರಗಳಿಗೆ ಹೋಗುವ ಮಾರ್ಗದಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ ಸ್ವಿಚ್ಚು ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಮಳೆಗಾಲದ ಅಂಗಳ ದೋಣಿಗಿಂತ ಕಡಿಮೆ ಒದ್ದೆಯಲ್ಲ.

ಈಗ ಬ್ಯಾಟರಿ. ಅಂಗಡಿಗೆ ಹೋಗುವ ಮೊದಲು ಕಾಗದ ತೆಗೆದುಕೊಂಡು ಒಂದು ಹಗಲು ಒಂದು ರಾತ್ರಿಯ ಖರ್ಚು ಬರೆಯಿರಿ. ನಿಮ್ಮ ದೋಣಿಯ ಮಟ್ಟಿಗೆ ನಾನು ಬರೆದದ್ದು ಹೀಗಿದೆ. ಕಂಬದ ತುದಿಯ ಎಲ್‌ಇಡಿ ದೀಪ 3 ವಾಟ್, ಅಂದರೆ ಕಾಲು ಆಂಪಿಯರ್. ಹನ್ನೊಂದು ಗಂಟೆ ಉರಿದರೆ 3 ಆಂಪಿಯರ್-ಗಂಟೆ ತುಂಬುವುದಿಲ್ಲ. ಒಳಗಿನ ಎರಡು ಚಿಕ್ಕ ದೀಪಗಳಿಗೆ ಒಂದೂವರೆ. ಕಡಲಿನಲ್ಲಿ ಬೇರೆ ದೋಣಿಗಳೊಡನೆ, ದಡದೊಡನೆ ಮಾತನಾಡುವ ವಿಎಚ್‌ಎಫ್ ರೇಡಿಯೊ ಸುಮ್ಮನೆ ಕೇಳುತ್ತಾ ಕುಳಿತರೂ ಹನ್ನೆರಡು ಗಂಟೆಗೆ ಸುಮಾರು 5. 25 ವಾಟಿನಲ್ಲಿ ಮಾತನಾಡುವಾಗ ಮಾತ್ರ ಅದು 5ರಿಂದ 6 ಆಂಪಿಯರ್ ಎಳೆಯುತ್ತದೆ, ಆದರೆ ಮಾತು ಕೆಲವೇ ನಿಮಿಷದ್ದು, ಅದಕ್ಕೆ ಒಂದು ಸೇರಿಸಿ. ಸಣ್ಣ ಪರದೆಯ ಜಿಪಿಎಸ್‌ಗೆ ಹಗಲಿಡೀ 6. ಎರಡು ಮೊಬೈಲ್ ತುಂಬಿಸಲು 4. ಪಂಪಿಗೆ ಒಂದು. ರಾತ್ರಿ ಒಂದು ಚಿಕ್ಕ ಫ್ಯಾನಿಲ್ಲದೆ ನಮ್ಮ ಕರಾವಳಿಯ ಸೆಕೆಯಲ್ಲಿ ಒಳಗೆ ಮಲಗಲು ಸಾಧ್ಯವಿಲ್ಲ, ಅದಕ್ಕೆ 3. ಒಟ್ಟು 24ರ ಹತ್ತಿರ ಬರುತ್ತದೆ. ಬಿಸಿಲೇ ಇಲ್ಲದ ಎರಡು ದಿನಗಳನ್ನು ತಾಳಬೇಕೆಂದರೆ 48.

ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯಸ್ಸು ಬೇಗ ತೀರುತ್ತದೆ, ಆದ್ದರಿಂದ 100 ಆಂಪಿಯರ್-ಗಂಟೆಯದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ ಎಂಬತ್ತು ಪಾಲು ಬಳಸಬಹುದು, 60 ಸಾಕಾಗುತ್ತದೆ, ತೂಕವೂ 30 ಕಿಲೊದ ಬದಲು ಏಳೆಂಟು ಕಿಲೊ. ಎಲ್ಲರೂ ಈಗ ಲಿಥಿಯಂ ಎನ್ನುತ್ತಾರೆ, ಅದು ಒಳ್ಳೆಯ ವಸ್ತುವೇ. ಆದರೂ ನಿಮ್ಮ ಮೊದಲ ದೋಣಿಗೆ ನಾನು ಮುಚ್ಚಿದ ಸೀಸದ ಬ್ಯಾಟರಿಯನ್ನೇ ಹೇಳುತ್ತೇನೆ. ಅದು ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ: ಭಾರವಿಲ್ಲದೆ ವಿಶ್ರಮಿಸಿದಾಗ 12.8 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧವಾಗಿದೆ. ಐನೂರು ರೂಪಾಯಿಯ ಮೀಟರಿನಲ್ಲಿ ಇದು ಕಾಣುತ್ತದೆ. ಲಿಥಿಯಂ ಬಹುಪಾಲು ಹೊತ್ತು 13.2ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಯಲ್ಲಿ ಒಳಗಿನ ರಕ್ಷಣಾ ಮಂಡಲ ಹಠಾತ್ತನೆ ಬಾಗಿಲು ಮುಚ್ಚಿಬಿಡುತ್ತದೆ. ದೀಪ, ರೇಡಿಯೊ, ಪಂಪು ಒಂದೇ ಕ್ಷಣದಲ್ಲಿ ನಿಲ್ಲುತ್ತವೆ. ಒಳಹೋದ, ಹೊರಬಂದ ಆಂಪಿಯರುಗಳನ್ನು ಎಣಿಸುವ ಷಂಟ್ ಅಳತೆಯ ಮಾನಿಟರ್ ಇಟ್ಟು ಅದನ್ನು ಓದುವ ಅಭ್ಯಾಸವಾದ ಮೇಲೆ ಎರಡನೆಯ ಬ್ಯಾಟರಿಯಾಗಿ ಲಿಥಿಯಂ ಕೊಳ್ಳಿ. ಇನ್ನು 30 ಕಿಲೊದ ಸೀಸವನ್ನು ದೋಣಿಯ ನಡುವೆ, ಆದಷ್ಟು ಕೆಳಗೆ ಕೂರಿಸಿದರೆ ಅದು ದೋಣಿಯನ್ನು ನೆಟ್ಟಗಿಡುವ ನಿಲುಭಾರವೂ ಆಗುತ್ತದೆ.

ಕಾರಿನ ಬ್ಯಾಟರಿ ಬೇಡ. ಅದರ ತೆಳ್ಳಗಿನ ಫಲಕಗಳು ಎಂಜಿನ್ ಎಬ್ಬಿಸುವ ಕೆಲವು ಕ್ಷಣಗಳಿಗಾಗಿ ಮಾಡಿದಂಥವು. ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಬಸಿದರೆ ಕೆಲವೇ ಸುತ್ತುಗಳಲ್ಲಿ ಸಾಯುತ್ತದೆ. ಮನೆಯ ಇನ್ವರ್ಟರಿನ ಎತ್ತರದ ಟ್ಯೂಬುಲರ್ ಬ್ಯಾಟರಿಯೂ ಬೇಡ. ಹಾಯಿದೋಣಿ ಗಾಳಿಗೆ 25 ಡಿಗ್ರಿ ವಾಲುವುದು ದಿನನಿತ್ಯದ ಸಂಗತಿ, ಆಗ ಅದರ ಆಮ್ಲ ಚೆಲ್ಲುತ್ತದೆ. ತೆರೆದ ಮುಚ್ಚಳದ ಮೂಲಕ ಉಪ್ಪುನೀರು ಒಳಹೊಕ್ಕರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬ್ಯಾಟರಿ ಕೂಡ ಅತಿಯಾಗಿ ಚಾರ್ಜ್ ಆದರೆ ಹೈಡ್ರೊಜನ್ ಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಅದು ಕಿಡಿಗೆ ಕಾಯುವ ಮದ್ದು. ಹಗುರವಾದ್ದರಿಂದ ಅದು ಮೇಲಕ್ಕೇರುತ್ತದೆ, ಹಾಗಾಗಿ ಬ್ಯಾಟರಿ ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಇಡಿ. ದೋಣಿ ಪೂರ್ತಿ ಮಗುಚಿದರೂ ಜಾಗ ಬಿಡದಂತೆ ಪಟ್ಟಿಯಿಂದ ಬಿಗಿಯಿರಿ.

ತಂತಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಮನೆಯ ತಂತಿಯೂ ಬಹಳ ಎಳೆಗಳದ್ದೇ, ಬಾಗುವಂಥದ್ದೇ. ಕೊರತೆ ಬೇರೆ ಕಡೆ ಇದೆ: ಅದರ ತಾಮ್ರ ಬೆತ್ತಲೆ. ಉಪ್ಪುನೀರು ತುದಿಯಿಂದ ಒಳಗೆ ಹೊಕ್ಕು, ದೀಪದ ಬತ್ತಿಗೆ ಎಣ್ಣೆ ಏರುವಂತೆ ಎಳೆಗಳ ನಡುವೆ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿರುವಾಗಲೇ ಒಳಗಿನ ತಾಮ್ರ ಮೊಳದುದ್ದ ಕಪ್ಪಾಗಿರುತ್ತದೆ. ಆ ಕಪ್ಪು ತಾಮ್ರದ ಮೇಲೆ ಹೊಸ ಲಗ್ಗನ್ನು (ತಂತಿಯ ತುದಿಗೆ ಹಾಕುವ ಲೋಹದ ತುಂಡು) ಕ್ರಿಂಪ್ ಮಾಡಿದರೂ, ಅಂದರೆ ಒತ್ತಿ ಬಿಗಿದರೂ, ಪ್ರಯೋಜನವಿಲ್ಲ. ದೋಣಿಗೆ ಬೇಕಾದದ್ದು ಪ್ರತಿ ಎಳೆಗೂ ತವರ ಲೇಪಿಸಿದ ತಾಮ್ರದ ತಂತಿ.

ಸಮುದ್ರ ದರ್ಜೆ ಎಂದು ಹೆಸರಿಟ್ಟು ಹೊರದೇಶದಿಂದ ಬರುವ ತಂತಿಗೆ ಹುಡುಕಾಡುವುದೂ ಕಷ್ಟ, ಬೆಲೆಯೂ ಹೆಚ್ಚು. ನಿಮಗೆ ಹತ್ತಿರದ ದಾರಿಯೊಂದಿದೆ. ಮನೆಯ ಚಾವಣಿಯ ಸೌರಫಲಕಗಳಿಗೆ ಬಳಸುವ ಡಿಸಿ ಕೇಬಲ್ ಕೂಡ ತವರ ಲೇಪಿತ, ಸಣ್ಣ ಎಳೆಗಳ ತಾಮ್ರವೇ. ಬಿಸಿಲು ನೀರುಗಳಿಗೆ ತಡೆಯುವ ಎರಡು ಪದರದ ಹೊದಿಕೆ ಅದಕ್ಕಿದೆ. ಸೌರಫಲಕ ಮಾರುವವರಲ್ಲಿ 4 ಮತ್ತು 6 ಚದರ ಮಿಲಿಮೀಟರಿನವು ಸುಲಭವಾಗಿ ದೊರೆಯುತ್ತವೆ. ಕಾಸರಗೋಡಿನಲ್ಲಿ ಬೇಕಾದ ಅಳತೆ ಇಲ್ಲದಿದ್ದರೆ ಮಂಗಳೂರು ಒಂದು ಬಸ್ಸಿನ ದೂರ. ಕೊಳ್ಳುವ ಮುನ್ನ ಒಂದು ಅಂಗುಲ ಸುಲಿದು ನೋಡಿ: ಎಳೆಗಳು ಬೆಳ್ಳಗಿರಬೇಕು, ಚಾಕುವಿನಿಂದ ಕೆರೆದಾಗ ಕೆಂಪು ತಾಮ್ರ ಕಾಣಬೇಕು. ಕೆರೆದರೂ ಬೆಳ್ಳಗೇ ಇದ್ದರೆ ಅದು ಅಲ್ಯೂಮಿನಿಯಂ, ಮರಳಿ ಕೊಟ್ಟುಬಿಡಿ. ಈ ಕೇಬಲ್ ಸ್ವಲ್ಪ ಬಿರುಸು, ಇಕ್ಕಟ್ಟಿನ ಮೂಲೆಗಳಲ್ಲಿ ಬಾಗಿಸಲು ತಾಳ್ಮೆ ಬೇಕು.

ದಪ್ಪವನ್ನು ಲೆಕ್ಕ ಹಾಕಿಯೇ ನಿರ್ಧರಿಸಿ. ಹೋಗುವ ಉದ್ದ ಮತ್ತು ಬರುವ ಉದ್ದ ಎರಡನ್ನೂ ಮೀಟರಿನಲ್ಲಿ ಕೂಡಿಸಿ 0.0175ರಿಂದ ಗುಣಿಸಿ, ತಂತಿಯ ಚದರ ಮಿಲಿಮೀಟರಿನಿಂದ ಭಾಗಿಸಿದರೆ ತಡೆ ಬರುತ್ತದೆ. ಅದನ್ನು ಆಂಪಿಯರಿನಿಂದ ಗುಣಿಸಿದರೆ ಸೋರುವ ವೋಲ್ಟ್. ಬ್ಯಾಟರಿಯಿಂದ 4 ಮೀಟರ್ ದೂರದ 3 ಆಂಪಿಯರಿನ ಪಂಪಿಗೆ 1 ಚದರ ಮಿಲಿಮೀಟರಿನ ತಂತಿ ಹಾಕಿದರೆ 0.42 ವೋಲ್ಟ್ ಹೋಗುತ್ತದೆ, 2.5 ಹಾಕಿದರೆ 0.17 ಮಾತ್ರ. ಪಂಪು, ಸಂಚಾರ ದೀಪ, ರೇಡಿಯೊ ಇವುಗಳಿಗೆ ನೂರಕ್ಕೆ 3ಕ್ಕಿಂತ ಹೆಚ್ಚು ಸೋರಬಾರದು, ಅಂದರೆ 0.36 ವೋಲ್ಟ್. ಒಳದೀಪ, ಫ್ಯಾನುಗಳಿಗೆ ನೂರಕ್ಕೆ 10ರವರೆಗೆ ನಡೆಯುತ್ತದೆ. ನಿಮ್ಮ ಚಿಕ್ಕ ದೋಣಿಯಲ್ಲಿ ಎಲ್ಲ ಶಾಖೆಗಳಿಗೂ 2.5 ಅಥವಾ ಸಿಕ್ಕಿದ 4 ಚದರ ಮಿಲಿಮೀಟರನ್ನೇ ಎಳೆದುಬಿಡಿ. ಕೆಲವು ಮೀಟರುಗಳ ಖರ್ಚಿಗಾಗಿ ಮೂರು ಬಗೆಯ ತಂತಿ ತರುವುದು ವ್ಯರ್ಥ.

ಬೆಸುಗೆ ಬೇಡ, ಕ್ರಿಂಪ್ ಮಾಡಿ. ರೇಡಿಯೊ ರಿಪೇರಿ ಕಲಿತವರಿಗೆ ಈ ಮಾತು ಹಿಡಿಸುವುದಿಲ್ಲ ಎಂದು ಬಲ್ಲೆ. ಆದರೆ ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ತಂತಿಯನ್ನು ಕಡ್ಡಿಯಂತೆ ಬಿರುಸು ಮಾಡುತ್ತದೆ. ಆ ಬಿರುಸು ಮುಗಿಯುವ ಜಾಗದಲ್ಲಿ ದೋಣಿಯ ನಿರಂತರ ಅಲುಗಾಟಕ್ಕೆ ತಂತಿ ಮುರಿಯುತ್ತದೆ. ಇಕ್ಕಳದಿಂದ ಒತ್ತಿದರೆ ಅದು ಕ್ರಿಂಪ್ ಅಲ್ಲ. ಪೂರ್ತಿ ಒತ್ತುವವರೆಗೆ ಬಿಡದ ರಾಚೆಟ್ ಉಪಕರಣ ಬೇಕು, ತವರ ಲೇಪಿತ ತಾಮ್ರದ ಉಂಗುರ ಲಗ್ಗು ಬೇಕು, ಅದರ ಮೇಲೆ, ಒಳಮೈಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಕೊಳವೆ ಬೇಕು. ಬಿಸಿ ಮಾಡಿದಾಗ ಕೊಳವೆಯ ಎರಡೂ ತುದಿಯಲ್ಲಿ ಅಂಟು ಸುತ್ತಲೂ ಜಿನುಗಿದರೆ ನೀರಿನ ದಾರಿ ಮುಚ್ಚಿತು. ಮೊದಲ ಹತ್ತು ಕ್ರಿಂಪುಗಳನ್ನು ಹಾಳು ತಂತಿಯಲ್ಲಿ ಮಾಡಿ, ಇಬ್ಬರೂ ಎರಡು ಕಡೆ ಹಿಡಿದು ಜೋರಾಗಿ ಎಳೆಯಿರಿ. ಒಂದು ಕಳಚಿದರೂ ಇನ್ನೂ ಹತ್ತು ಮಾಡಿ. ಮೂರು ವರ್ಷ ಎಪಾಕ್ಸಿ ಕಲಸಿದವರಿಗೆ ಈ ತಾಳ್ಮೆ ಹೊಸದಲ್ಲ.

ಫ್ಯೂಸ್ ಇರುವುದು ತಂತಿಯನ್ನು ಕಾಪಾಡಲು, ಉಪಕರಣ ಎರಡನೆಯ ಮಾತು. ಕಟ್ಟಿಗೆಯ ದೋಣಿಯಲ್ಲಿ ಕಾದ ತಂತಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬ್ಯಾಟರಿಯ ಧನ ಧ್ರುವದಿಂದ ಒಂದು ಗೇಣಿನೊಳಗೆ, 18ರಿಂದ 20 ಸೆಂಟಿಮೀಟರಿನೊಳಗೆ, ಮುಖ್ಯ ಫ್ಯೂಸ್ ಬರಬೇಕು; ಅದಕ್ಕೂ ಧ್ರುವಕ್ಕೂ ನಡುವಿನ ತುಂಡು ತಂತಿಗೆ ರಕ್ಷಣೆಯೇ ಇಲ್ಲದಿರುವುದರಿಂದ ಆ ತುಂಡು ಆದಷ್ಟು ಗಿಡ್ಡವಿರಲಿ. ನಿಮ್ಮಲ್ಲಿ ವಿದ್ಯುತ್ ಸ್ಟಾರ್ಟರ್ ಇಲ್ಲದಿದ್ದರೆ 16 ಚದರ ಮಿಲಿಮೀಟರಿನ ಮುಖ್ಯ ಕೇಬಲ್, 60 ಆಂಪಿಯರಿನ ಫ್ಯೂಸ್ ಧಾರಾಳ. ಅಲ್ಲಿಂದ ಕೈಯಿಂದ ತಿರುಗಿಸುವ ಮುಖ್ಯ ಸ್ವಿಚ್ಚು, ಅಲ್ಲಿಂದ ಆರು ಶಾಖೆಗಳ ಫ್ಯೂಸ್ ಪೆಟ್ಟಿಗೆ. ಕಾರಿನ ಬಣ್ಣದ ಎಲೆ ಫ್ಯೂಸುಗಳು ನಡೆಯುತ್ತವೆ, ಯಾವ ಊರಿನ ಗ್ಯಾರೇಜಿನಲ್ಲೂ ದೊರೆಯುತ್ತವೆ. ಎಲ್ಲ ಋಣ ತಂತಿಗಳೂ ಒಂದೇ ತಾಮ್ರದ ಪಟ್ಟಿಗೆ ಮರಳಲಿ. ಕಾರಿನಲ್ಲಿ ಮಾಡುವಂತೆ ಲೋಹದ ಮೈಯನ್ನೇ, ಇಲ್ಲಿ ಕಂಬವನ್ನೋ ಕೀಲು ಹಲಗೆಯನ್ನೋ, ಮರಳುವ ದಾರಿಯಾಗಿ ಬಳಸುವುದು ಎಂದಿಗೂ ಬೇಡ. ಫ್ಯೂಸ್ ಪೆಟ್ಟಿಗೆ ಒಳಬಾಗಿಲಿನ ಪಕ್ಕದಲ್ಲಿ, ಎದೆಯೆತ್ತರದಲ್ಲಿ, ಮೇಲಿಂದ ತೊಟ್ಟಿಕ್ಕುವ ಹನಿ ತಾಗದ ಕಡೆ ಇರಲಿ. ಪ್ರತಿ ತಂತಿಯೂ ಅದರೊಳಗೆ ಕೆಳಗಿನಿಂದ ಏರಿ ಹೋಗಲಿ; ತಂತಿಯುದ್ದಕ್ಕೂ ಇಳಿದ ನೀರು ಕೆಳಬಾಗಿದ ಜಾಗದಲ್ಲೇ ಉದುರುತ್ತದೆ.

ಪಂಪಿಗೆ ಮಾತ್ರ ಮುಖ್ಯ ಸ್ವಿಚ್ಚಿನ ಅಪ್ಪಣೆ ಬೇಕಿಲ್ಲ. ನೀವು ಎಲ್ಲವನ್ನೂ ಆರಿಸಿ ಮನೆಗೆ ಹೋದ ಮೇಲೆ ತಾನೇ ಅದರ ಕೆಲಸ? ಅದನ್ನು ತನ್ನದೇ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಸೇರಿಸಿ. ನೀರು ಏರಿದಾಗ ತಾನೇ ಹೊತ್ತುವ ತೇಲು ಸ್ವಿಚ್ಚಿನಿಂದಲೂ ಓಡಬೇಕು, ಕೈ ಸ್ವಿಚ್ಚಿನಿಂದಲೂ ಓಡಬೇಕು. 3 ಆಂಪಿಯರಿನ ಪಂಪಿಗೆ ತಯಾರಕರು ಹೇಳಿದ ಫ್ಯೂಸ್, ಸಾಮಾನ್ಯವಾಗಿ 5ರದ್ದು, ಅದನ್ನೇ ಹಾಕಿ. ನಿಮ್ಮದು ಹೊಸದಾಗಿ ಕಟ್ಟಿದ ದೋಣಿ, ಮೂಲೆಮೂಲೆಯಲ್ಲಿ ಮರದ ಹೊಟ್ಟು ಉಳಿದಿರುತ್ತದೆ. ಅದು ಸಿಕ್ಕಿ ಚಕ್ರ ನಿಂತರೆ ಪಂಪು ಹೆಚ್ಚು ಆಂಪಿಯರ್ ಎಳೆಯುತ್ತದೆ. 15ರ ಫ್ಯೂಸ್ ಇದ್ದರೆ ಅದು ಹಾರುವುದಿಲ್ಲ, ಪಂಪು ಬೇಯುತ್ತದೆ. ಪಂಪಿನ ಗಿಡ್ಡ ತಂತಿಯನ್ನು ಮೇಲಕ್ಕೆ ಎಳೆದು, ನೀರು ಎಂದೂ ಮುಟ್ಟದ ಎತ್ತರದಲ್ಲಿ ಜೋಡಿಸಿ. ಅದರ ಜೊತೆಗೆ ಒಂದು ಕೈಪಂಪು, ಒಂದು ಬಕೆಟ್ಟು ಇರಲೇಬೇಕು.

ದೀಪಗಳಿಗೆ 1972ರ ಅಂತಾರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳೇ ಆಧಾರ. 22 ಅಡಿ ಎಂದರೆ 6.7 ಮೀಟರ್. 7 ಮೀಟರಿಗಿಂತ ಚಿಕ್ಕ ಹಾಯಿದೋಣಿ ದೀಪ ಹಾಕಲು ಸಾಧ್ಯವಾಗದಿದ್ದರೆ ಕೈಯಲ್ಲಿ ಟಾರ್ಚ್ ಇಟ್ಟುಕೊಂಡು ಸಕಾಲದಲ್ಲಿ ತೋರಿಸಿದರೆ ಸಾಕೆಂದು ನಿಯಮ ಬಿಡುತ್ತದೆ. ನೀವು ಆ ರಿಯಾಯಿತಿ ಬಳಸಬೇಡಿ. ರಾತ್ರಿ ನಮ್ಮ ಕಡಲಿನಲ್ಲಿ ವೇಗವಾಗಿ ಮರಳುವ ಮೀನುಗಾರಿಕೆ ದೋಣಿಗಳ ಪ್ರಖರ ದೀಪಗಳ ನಡುವೆ ನಿಮ್ಮ ಚಿಕ್ಕ ದೋಣಿ ಕಾಣುವುದೇ ಇಲ್ಲ. ಕಂಬದ ತುದಿಯಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ತೋರುವ ಮೂರುಬಣ್ಣದ ದೀಪ, ಅದೇ ಗೂಡಿನಲ್ಲಿ ಸುತ್ತಲೂ ಕಾಣುವ ಬಿಳಿ ದೀಪ ಎರಡೂ ಇರುವಂಥದ್ದನ್ನು ತನ್ನಿ. ಹಾಯಿಯಲ್ಲಿ ಹೋಗುವಾಗ ಮೂರುಬಣ್ಣ, ಲಂಗರು ಹಾಕಿದಾಗ ಬಿಳಿ. ಎಂಜಿನ್ ಓಡಿಸಿದ ಕ್ಷಣ ನೀವು ಯಂತ್ರದೋಣಿಯಾಗುತ್ತೀರಿ. ಆಗ ಮೂರುಬಣ್ಣ ಆರಿಸಿ ಸುತ್ತುಬಿಳಿ ಹಚ್ಚಬೇಕು, ಮುಂಭಾಗದಲ್ಲಿ ಕೆಂಪು-ಹಸಿರಿನ ಜೋಡಿ ದೀಪವೂ ಇದ್ದರೆ ಸರಿಯಾಗುತ್ತದೆ. ಮೂರುಬಣ್ಣ, ಸುತ್ತುಬಿಳಿ ಎರಡೂ ಒಟ್ಟಿಗೆ ಹೊತ್ತಿಕೊಳ್ಳದಂತೆ ಒಂದೇ ಸ್ವಿಚ್ಚನ್ನು ಮೂರು ಸ್ಥಾನದ್ದಾಗಿಸಿ.

ಅಗ್ಗದ ಎಲ್‌ಇಡಿ ದೀಪಗಳ ಒಳಗಿನ ಮಂಡಲ ರೇಡಿಯೊದಲ್ಲಿ ಗದ್ದಲ ಎಬ್ಬಿಸುತ್ತದೆ. ಕಂಬದ ತುದಿಯಲ್ಲಿ ಆಂಟೆನಾ ಅದರ ಪಕ್ಕದಲ್ಲೇ ಇರುವುದರಿಂದ ಇದು ಸಣ್ಣ ವಿಷಯವಲ್ಲ: ದೀಪ ಹಚ್ಚಿದ ರಾತ್ರಿಯೇ ತುರ್ತು ಕರೆಗಳ 16ನೇ ಚಾನೆಲ್ ಕಿವುಡಾಗುತ್ತದೆ. ಕಂಬ ನೆಲದ ಮೇಲಿರುವಾಗಲೇ ರೇಡಿಯೊದ ಸದ್ದು ತಡೆಯುವ ಗುಂಡಿಯನ್ನು ಗದ್ದಲ ನಿಲ್ಲುವ ಅಂಚಿಗೆ ತಂದಿಟ್ಟು ದೀಪ ಹಚ್ಚಿ ನೋಡಿ. ಶಬ್ದ ಎದ್ದರೆ ಆ ದೀಪ ಬೇಡ. ದಿಕ್ಸೂಚಿಯ ಬಳಿ ಹೋಗುವ ಎರಡು ತಂತಿಗಳನ್ನು ಜಡೆಯಂತೆ ಹೊಸೆದು ಒಯ್ಯಿರಿ. ಹೋಗುವ ಬರುವ ಪ್ರವಾಹಗಳ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ; ಇಲ್ಲವಾದರೆ ದಿಕ್ಸೂಚಿಯ ದೀಪವೇ ಅದರ ಮುಳ್ಳನ್ನು ತಿರುಗಿಸೀತು.

ಕಂಬದ ಬುಡದಲ್ಲಿ ಡೆಕ್ಕಿನ ಮೇಲೆ ಪ್ಲಗ್ಗು ಹಾಕುವ ವಾಡಿಕೆಯನ್ನು ನಾನು ಒಪ್ಪುವುದಿಲ್ಲ. ನಾನು ರಿಪೇರಿ ಮಾಡಿದ ಕಂಬದೀಪಗಳಲ್ಲಿ ಹೆಚ್ಚಿನವು ಕೆಟ್ಟದ್ದು ಅಲ್ಲಿಯೇ. ತಂತಿಯನ್ನು ಕೊಕ್ಕರೆಯ ಕೊರಳಿನಂತೆ ಬಾಗಿದ ಕೊಳವೆಯಲ್ಲಿ ಡೆಕ್ಕಿನೊಳಗೆ ಇಳಿಸಿ, ಒಳಗೆ ಒಣ ಜಾಗದಲ್ಲಿ ತಿರುಪಿನ ಪಟ್ಟಿಗೆ ಜೋಡಿಸಿ. ಶಿರಿಯ ಹೊಳೆಯಲ್ಲಿ ಸೇತುವೆಗಳ ಅಡಿಯಿಂದ ದಾಟಿ ಮೇಲಕ್ಕೆ ಹೋಗಿ ದೋಣಿಯನ್ನು ಹಗ್ಗಕ್ಕೆ ಕಟ್ಟಿಡುವುದಾದರೆ ಕಂಬವನ್ನು ಪ್ರತಿ ಸಲ ಮಲಗಿಸಬೇಕಾಗುತ್ತದೆ. ಆಗ ಮೂರು ತಿರುಪು ಬಿಚ್ಚುವುದು ಎರಡು ನಿಮಿಷದ ಕೆಲಸ.

ಚಾರ್ಜಿಗೆ 100 ವಾಟಿನ ಒಂದು ಸೌರಫಲಕ ಸಾಕು. ಒಳ್ಳೆಯ ಬಿಸಿಲಿನ ದಿನ ಅದು 25ರಿಂದ 30 ಆಂಪಿಯರ್-ಗಂಟೆ ಕೊಡುತ್ತದೆ, ನಿಮ್ಮ ದಿನದ ಖರ್ಚಿಗೆ ಸರಿಹೋಗುತ್ತದೆ. ಹಾಯಿಯ ಅಡ್ಡಮರದ ನೆರಳು ಬೀಳದ ಜಾಗ ಹುಡುಕಿ, ಒಂದು ಪಟ್ಟಿ ನೆರಳು ಫಲಕದ ದೊಡ್ಡ ಪಾಲನ್ನೇ ನಿಲ್ಲಿಸಬಲ್ಲದು. ಫಲಕಕ್ಕೂ ಬ್ಯಾಟರಿಗೂ ನಡುವೆ ಬರುವ ಚಾರ್ಜ್ ನಿಯಂತ್ರಕಕ್ಕೆ ಮೊದಲು ಬ್ಯಾಟರಿ, ನಂತರ ಫಲಕ ಜೋಡಿಸಿ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿಯಿರುವ ವಿಷಯ. ನಿಮ್ಮ ದೋಣಿ ಅಳಿವೆಯಲ್ಲಿ ನಿಲ್ಲುತ್ತದೆ. ಅಲ್ಲಿಯ ನೀರು ಮಳೆಗಾಲದಲ್ಲಿ ಬಹುತೇಕ ಸಿಹಿ, ಬೇಸಗೆಯಲ್ಲಿ ಉಪ್ಪು, ನಡುವೆ ಉಬ್ಬರ ಇಳಿತಕ್ಕೆ ತಕ್ಕಂತೆ ಸವುಳು. ಎಂಜಿನ್ನಿನ ಕಾಲನ್ನು (ನೀರೊಳಗೆ ಇಳಿಯುವ ಭಾಗವನ್ನು) ಕಾಪಾಡಲು ತಾನು ಕರಗುವ ಲೋಹದ ತುಂಡನ್ನು ಕಟ್ಟುತ್ತಾರಲ್ಲ, ಅದು ಸತುವಿನದಾದರೆ ಸಿಹಿನೀರಿನಲ್ಲಿ ಮೇಲೆ ಪೊರೆಗಟ್ಟಿ ಸುಮ್ಮನಾಗುತ್ತದೆ, ಉಪ್ಪುನೀರು ಮರಳಿದಾಗಲೂ ಎಚ್ಚರಾಗುವುದಿಲ್ಲ. ಅಳಿವೆಗೆ ಅಲ್ಯೂಮಿನಿಯಂ ಮಿಶ್ರಲೋಹದ ತುಂಡೇ ಸರಿ. ದೋಣಿ ನಿಂತಿರುವಾಗ ಎಂಜಿನ್ನಿನ ಕಾಲನ್ನು ನೀರಿನಿಂದ ಮೇಲೆತ್ತಿಡಿ.

ಉಕ್ಕಿನ, ಫೈಬರಿನ ದೋಣಿಗಳಿಗೆ ಬರೆದ ಸಲಹೆಗಳನ್ನು ಓದಿ ನೀರೊಳಗಿನ ಪ್ರತಿ ಲೋಹದ ಭಾಗವನ್ನೂ ಹಸಿರು ತಂತಿಯಿಂದ ಒಂದಕ್ಕೊಂದು ಕಟ್ಟಿ ಸತುವಿಗೆ ಸೇರಿಸಲು ಹೊರಡಬೇಡಿ. ಹೀಗೆ ಕಾಪಾಡಿದ ಲೋಹದ ಮೈಯಲ್ಲಿ ಕ್ಷಾರ ಹುಟ್ಟುತ್ತದೆ. ಲೋಹ ಹೊಳೆಯುತ್ತಿರುತ್ತದೆ, ಅದನ್ನು ಹಿಡಿದ ಮರ ಮಾತ್ರ ಮೆತ್ತಗಾಗಿ, ಬೆಳ್ಳಗೆ ಹಿಂಜಿದ ಹತ್ತಿಯಂತಾಗುತ್ತದೆ. ಹೆಬ್ಬಲಸು ನೂರು ಮಳೆಗಾಲವನ್ನು ತಾಳಬಲ್ಲ ಮರ ಎಂದು ನಮ್ಮ ದೋಣಿ ಕಟ್ಟುವ ಆಚಾರಿಗಳು ಹೇಳುತ್ತಾರೆ, ಆದರೆ ಈ ಕ್ಷಾರವನ್ನು ತಾಳಲಾರದು. ಚುಕ್ಕಾಣಿಯ ಬಿಜಾಗರಿ, ಕೀಲು ಹಲಗೆಯ ಬೋಲ್ಟು ಎಲ್ಲವೂ ಬಿಡಿಬಿಡಿಯಾಗಿಯೇ ಇರಲಿ. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಸರಿಯಳತೆಗೆ ಕೊರೆಯಿರಿ. ಆಗ ಲೋಹ ಮರವನ್ನು ಮುಟ್ಟುವುದೇ ಇಲ್ಲ.

ಸಿಡಿಲು. ದೀಪಾವಳಿಯ ನಂತರ ಎಂದಿರಿ. ಅದು ಹಿಂಗಾರಿನ ಕಾಲ, ಮಧ್ಯಾಹ್ನ ಘಟ್ಟದ ಕಡೆ ಕಪ್ಪಾಗಿ ಸಂಜೆಗೆ ಗುಡುಗುವ ದಿನಗಳು ಆಗಲೂ ಇರುತ್ತವೆ, ಮತ್ತೆ ಏಪ್ರಿಲ್ ಮೇ ತಿಂಗಳಲ್ಲಿ ಬರುತ್ತವೆ. ಬಯಲು ನೀರಿನ ಮೇಲೆ ನಿಮ್ಮ ಕಂಬಕ್ಕಿಂತ ಎತ್ತರದ್ದು ಯಾವುದೂ ಇರುವುದಿಲ್ಲ. ಅಲ್ಯೂಮಿನಿಯಂ ಕಂಬ ಒಳ್ಳೆಯ ವಾಹಕ. ಅದರ ಬುಡದಿಂದ 25 ಚದರ ಮಿಲಿಮೀಟರಿನ ತಾಮ್ರದ ಕೇಬಲನ್ನು ಎಲ್ಲಿಯೂ ಗಕ್ಕನೆ ತಿರುಗಿಸದೆ ನೇರ ಕೆಳಗಿಳಿಸಿ, ದೋಣಿಯ ಹೊರತಳದಲ್ಲಿ ಕನಿಷ್ಠ ಒಂದು ಚದರ ಅಡಿಯ ತಾಮ್ರದ ಫಲಕಕ್ಕೆ ಸೇರಿಸಬೇಕು. ಸಿಡಿಲಿಗೆ ತಿರುವು ಹಿಡಿಸುವುದಿಲ್ಲ, ತಿರುವಿನಲ್ಲಿ ಅದು ಪಕ್ಕಕ್ಕೆ ಹಾರುತ್ತದೆ. ಲಂಗರಿನ ಸರಪಳಿಯನ್ನು ಕಂಬಕ್ಕೆ ಸುತ್ತಿ ನೀರಿಗೆ ಬಿಟ್ಟರಾಯಿತು ಎಂಬ ಮಾತನ್ನು ನಂಬಬೇಡಿ, ಕೊಂಡಿಗಳ ನಡುವಿನ ಸಂಪರ್ಕ ಬಲು ದುರ್ಬಲ. ಆ ಒಂದು ಚದರ ಅಡಿ ಕೂಡ ಉಪ್ಪುನೀರಿನ ಲೆಕ್ಕ. ಸಿಹಿನೀರು ವಿದ್ಯುತ್ತನ್ನು ಅಷ್ಟು ಸುಲಭವಾಗಿ ಒಯ್ಯುವುದಿಲ್ಲ, ಹೊಳೆ ತುಂಬಿದಾಗ ಆ ಫಲಕದ ಭರವಸೆ ಕಡಿಮೆ.

ಇಲ್ಲೊಂದು ಗಂಟು ಇದೆ, ಗಮನವಿಡಿ. ಕಂಬದ ತುದಿಯ ಆಂಟೆನಾ ಕೇಬಲಿನ ಹೊರಜಾಲ ಸಾಮಾನ್ಯವಾಗಿ ಕಂಬಕ್ಕೆ ತಾಗಿರುತ್ತದೆ, ರೇಡಿಯೊದ ಮೂಲಕ ಬ್ಯಾಟರಿಯ ಋಣಕ್ಕೂ ಸೇರಿರುತ್ತದೆ. ಎಂಜಿನ್ನಿನಿಂದ ಚಾರ್ಜಿಂಗ್ ತಂತಿ ಎಳೆದಿದ್ದರೆ ಅದರ ಮೈಯೂ ಅದೇ ಋಣಕ್ಕೆ ಸೇರುತ್ತದೆ. ಆಗ ನೀರೊಳಗೆ ಒಂದು ಕಡೆ ತಾಮ್ರದ ಫಲಕ, ಇನ್ನೊಂದು ಕಡೆ ಅಲ್ಯೂಮಿನಿಯಂ ಕಾಲು, ನಡುವೆ ತಂತಿ: ನೀವು ಅರಿಯದೆಯೇ ಒಂದು ಬ್ಯಾಟರಿ ಕಟ್ಟಿದಿರಿ, ಅದರಲ್ಲಿ ಕರಗುವುದು ಎಂಜಿನ್ನಿನ ಕಾಲು. ಸೌರಫಲಕ ಸಾಕಾಗುವುದರಿಂದ ಆ ಚಾರ್ಜಿಂಗ್ ತಂತಿಯನ್ನೇ ಕೈಬಿಡಿ ಎಂಬುದು ನನ್ನ ಸಲಹೆ. ತಾಮ್ರದ ಫಲಕವನ್ನು ಉಕ್ಕಿನ ಕೀಲು ಹಲಗೆಯಿಂದಲೂ ದೂರವಿಡಿ.

ಇಷ್ಟೆಲ್ಲ ಮಾಡಿದರೂ ಗುಡುಗು ಕೇಳಿದಾಗ ನೀರಿನ ಮೇಲೆ ಇರದಿರುವುದೇ ಲೇಸು. ಸಿಕ್ಕಿಕೊಂಡರೆ ಆಂಟೆನಾ ಕೇಬಲನ್ನು ರೇಡಿಯೊದಿಂದ ಕಳಚಿ, ಮೊಬೈಲು ಮತ್ತು ಕೈ ರೇಡಿಯೊಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಇಬ್ಬರೂ ಕಂಬದಿಂದಲೂ ಅದರ ಬಿಗಿತಂತಿಗಳಿಂದಲೂ ದೂರ, ತಗ್ಗಿ ಕುಳಿತುಕೊಳ್ಳಿ. ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 1554. ಅದನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೂ ಬರೆದಿಡಿ.

ನೀರಿಗಿಳಿಸುವ ಮೊದಲು ಅಂಗಳದಲ್ಲಿ ಮೂರು ಪರೀಕ್ಷೆ ಮಾಡಿ. ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಬ್ಯಾಟರಿಯ ಧನ ಧ್ರುವದ ಎಲ್ಲ ತಂತಿಗಳನ್ನೂ ಬಿಚ್ಚಿ, ಧ್ರುವಕ್ಕೂ ಅವುಗಳಿಗೂ ನಡುವೆ ಮೀಟರನ್ನು ಮಿಲಿಆಂಪಿಯರಿಗೆ ತಿರುಗಿಸಿ ಹಿಡಿಯಿರಿ. ಸೊನ್ನೆ ಬರಬೇಕು. ಬರದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ, ಯಾವುದನ್ನು ಕಿತ್ತಾಗ ಸೊನ್ನೆಯಾಯಿತೋ ಆ ಶಾಖೆಯಲ್ಲಿ ಸೋರಿಕೆ ಇದೆ. ನೀರಿನಲ್ಲಿ ಇಂಥ ಸೋರಿಕೆ ಕೆಲವೇ ವಾರಗಳಲ್ಲಿ ಲೋಹ ತಿನ್ನುತ್ತದೆ. ಎರಡನೆಯದಾಗಿ, ದೋಣಿಯ ತಳಕ್ಕೆ ನಾಲ್ಕು ಬಕೆಟ್ ನೀರು ಸುರಿದು, ಪಂಪು ಓಡುತ್ತಿರುವಾಗಲೇ ಬ್ಯಾಟರಿಯ ಧ್ರುವಗಳಲ್ಲಿ ಒಮ್ಮೆ, ಪಂಪಿನ ತಂತಿಯ ಜೋಡಣೆಯಲ್ಲಿ ಒಮ್ಮೆ ವೋಲ್ಟ್ ಅಳೆಯಿರಿ. ಮೂರನೆಯದನ್ನು ಅಮಾವಾಸ್ಯೆಯ ರಾತ್ರಿ ಮಾಡಿ: ತಮ್ಮನಿಗೆ ಹೇಳಿ ಯಾವುದಾದರೂ ಒಂದು ಫ್ಯೂಸನ್ನು ಕೀಳಿಸಿ, ದೀಪವಿಲ್ಲದೆ, ಒಂದೇ ಕೈಯಲ್ಲಿ ಅದನ್ನು ಹುಡುಕಿ ಮರಳಿ ಹಾಕಿ. ಆಮೇಲೆ ನೀವು ಕಿತ್ತು ಅವರಿಂದ ಹಾಕಿಸಿ.

ಎರಡನೆಯ ಪರೀಕ್ಷೆಯಲ್ಲಿ ಎರಡು ಅಳತೆಗಳ ನಡುವೆ 0.36 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಣಿಯನ್ನು ಅಂಗಳದಲ್ಲೇ ಇರಿಸಿ, ಎರಡೂ ಸಂಖ್ಯೆಗಳನ್ನೂ ತಂತಿಯ ಉದ್ದವನ್ನೂ ಬರೆದು ನನಗೆ ಕಳುಹಿಸಿ. ಯಾವ ಜಾಯಿಂಟಿನಲ್ಲಿ ಸೋರುತ್ತಿದೆ ಎಂದು ಒಟ್ಟಿಗೆ ಹುಡುಕೋಣ.